ನಮ್ಮ ಮನೆಯವರು

ಜೂನ್ 4

ತಮ್ಮನ ಹೆಂಡತಿಗೆ,

ಈ ಪತ್ರವನ್ನು ನಿನ್ನ ಮನೆಗೆ ಹಾಕದೆ, ನೀನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಗೆ ಹಾಕಿದ್ದೇನೆ. ತಮ್ಮನ ಕೈಗೆ ಸಿಗುವುದು ಬೇಡವೆಂದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅತ್ತಿಗೆ, ಸರಿ ಅತ್ತಿಗೆ" ಎಂದು ಬೆಣ್ಣೆಯಂತೆ ಮಾತಾಡುತ್ತೀಯ, ನಾನು ಹೇಳಬೇಕೆಂದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಕಾಗದಕ್ಕೆ ಆ ದಾಕ್ಷಿಣ್ಯವಿಲ್ಲ.

ನಿನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಫೋನ್ ನೋಡಿಕೊಂಡು ಏನನ್ನೋ ಗಟ್ಟಿಯಾಗಿ ಓದುತ್ತಿದ್ದರು. 'ಮೂರನೇ ಮಹಡಿ' ಎಂದು ಹೆಸರಿಟ್ಟುಕೊಂಡು ಇಂಟರ್ನೆಟ್ಟಿನಲ್ಲಿ ಯಾರೋ ಬರೆಯುತ್ತಾರಂತೆ. ಸಾವಿರಾರು ಜನ ಓದುತ್ತಾರಂತೆ. ಬರೆಯುವುದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲವಂತೆ.

"ಗಂಡಸೇ ಕಣ್ರೀ, ಬೇಕಾದ್ರೆ ಪಂಥ ಕಟ್ತೀನಿ," ಅಂದರು ಡ್ರಿಲ್ ಮಾಸ್ತರು.

"ನಿಮ್ ತಲೆ! ಪಾತ್ರೆ ತಳ ಸೀದಿದ್ದನ್ನ ಗಂಡಸು ಇಷ್ಟು ಚೆನ್ನಾಗಿ ಬರೀತಾನಾ? ನೀವು ಯಾವತ್ತಾದ್ರೂ ಪಾತ್ರೆ ತಳ ನೋಡಿದೀರಾ ಮಾಸ್ತರೇ?" ಅಂದರು ಮೇಡಂ.

"ತಳ ಯಾಕ್ರೀ ನೋಡ್ಲಿ? ಊಟ ಮೇಲ್ಗಡೆ ಇರುತ್ತಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೇಡಂ 'ಬೇಡ' ಎಂಬ ಬರಹವನ್ನು ತೆಗೆದರು. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ಕೇಳು.

'ನನಗೆ ಗೊತ್ತಿರುವ ಒಂದು ಮಗುವಿಗೆ ತಾಯಿ ಇರಲಿಲ್ಲ. ಸಾಕಿದ ದೊಡ್ಡವರು ಅದಕ್ಕೆ ಮೊದಲು ಕಲಿಸಿದ ಮಾತು ಬೇಡ. ಯಾರ ಮನೆಯಲ್ಲಿ ಯಾರು ಏನು ಕೊಟ್ಟರೂ ದೊಡ್ಡವರು ಒಮ್ಮೆ ಕಣ್ಣೆತ್ತುತ್ತಿದ್ದರು, ಮಗು ಬೇಡ ಎನ್ನುತ್ತಿತ್ತು. ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಎಂದು ಜನ ಹೊಗಳುತ್ತಿದ್ದರು. ಹಸಿವು ಮಗುವಿನದು, ಹೊಗಳಿಕೆ ದೊಡ್ಡವರದು.'

"ಎಂಥಾ ರಾಕ್ಷಸಿ ಇರ್ಬೇಕು ಅವಳು," ಅಂದರು ಗಣಿತದ ಮೇಡಂ. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ಇನ್ನೇನು ಮಾಡಲಿ?

ಅಮ್ಮ ಹೋದಾಗ ನನಗೆ ಹತ್ತೊಂಬತ್ತು, ತಮ್ಮನಿಗೆ ನಾಲ್ಕು. ಆ 'ಬೇಡ'ದ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಅವನಿಗೆ. ಅವನು ನಂಬಿ ಹೇಳಿಕೊಂಡಿದ್ದರೆ ಹೆಂಡತಿಯ ಹತ್ತಿರ ಮಾತ್ರ. ನಿಮ್ಮ ಮನೆ ಇರುವುದೂ ಮೂರನೇ ಮಹಡಿಯಲ್ಲಿ. ಹೆಸರನ್ನಾದರೂ ಸ್ವಲ್ಪ ಯೋಚಿಸಿ ಇಟ್ಟುಕೊಳ್ಳಬಾರದಿತ್ತೇ?

ಅದನ್ನು ಅಳಿಸು. ಅದೇ ಜಾಗದಲ್ಲಿ, ನಿನ್ನ ಸ್ವಂತ ಹೆಸರಿನಲ್ಲಿ, ಬರೆದದ್ದು ತಪ್ಪು ಎಂದು ಬರೆ. ಇಲ್ಲವಾದರೆ ಶಾಲೆಯಿಂದ ರಜೆ ಸಿಕ್ಕ ಕೂಡಲೇ ನಾನು ಅಲ್ಲಿಗೆ ಬಂದು ಅದನ್ನು ತಮ್ಮನೆದುರು ಓದುತ್ತೇನೆ. ಆಮೇಲೆ ಆ ಮನೆಗೆ ನಾನು ಬೇಕೋ ನೀನು ಬೇಕೋ, ಅವನೇ ಹೇಳಲಿ.

ಅವನ ಅಕ್ಕ

*

ಜೂನ್ 11

ಅತ್ತಿಗೆಯವರಿಗೆ,

ಪತ್ರ ತಲುಪಿತು. ಇನ್ನು ಮುಂದೆ ದಯವಿಟ್ಟು ಲಾಂಡ್ರಿಗೆ ಹಾಕಬೇಡಿ. ಇಲ್ಲಿ ಒಬ್ಬರ ಪತ್ರ ಬಂದರೆ ಇಸ್ತ್ರಿ ಮೇಜಿನ ಆರು ಜನರೂ ಕೈಕೆಲಸ ಬಿಟ್ಟು ಮುಖ ನೋಡುತ್ತಾರೆ. "ಯಾರು ಹೋದ್ರಂತೆ?" ಎಂದು ಕೇಳಿದರು. ಈ ಕಾಲದಲ್ಲಿ ಕೈಬರಹದ ಪತ್ರ ಬಂದರೆ ಸಾವೇ ಇರಬೇಕು ಎಂದುಕೊಳ್ಳುತ್ತಾರೆ.

ನೀವು ಹೇಳಿದ ಬರಹಗಳನ್ನು ಊಟದ ಬಿಡುವಿನಲ್ಲಿ ಓದಿದೆ. ಅದು ನಾನಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬರೆಯದೇ ಇದ್ದದ್ದಕ್ಕೆ ತಪ್ಪೊಪ್ಪಿಗೆ ಬರೆಯಲು ನನಗೆ ಬರುವುದಿಲ್ಲ. ತಾಯಿ ಇಲ್ಲದ ಮಗು ಲೋಕದಲ್ಲಿ ಒಂದೇ ಇಲ್ಲ, ಮೂರನೇ ಮಹಡಿಯೂ ಒಂದೇ ಇಲ್ಲ. ಇದನ್ನು ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ತಮ್ಮನಿಗೆ ಏನೂ ಹೇಳಬೇಡಿ. ನನಗೋಸ್ಕರ ಕೇಳುತ್ತಿಲ್ಲ.

ಪುಟ್ಟಿ ಚೆನ್ನಾಗಿದ್ದಾಳೆ.

*

ಜೂನ್ 17

ತಮ್ಮನ ಹೆಂಡತಿಗೆ,

'ನಿಮ್ಮ ತಮ್ಮನಿಗೆ ಹೇಳಬೇಡಿ' ಎಂದು ಬರೆಯುತ್ತೀಯ, 'ನಾನಲ್ಲ' ಎಂದೂ ಬರೆಯುತ್ತೀಯ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬಾರದಿತ್ತು.

ನಾನು ಭಾಷೆ ಕಲಿಸುವವಳು. ಪ್ರಬಂಧ ತಂದುಕೊಟ್ಟರೆ ಎರಡನೇ ಸಾಲಿಗೆ ಹೇಳುತ್ತೇನೆ, ಮಗು ಬರೆದದ್ದೋ ಅಪ್ಪ ಬರೆದದ್ದೋ ಎಂದು. ಅಮ್ಮ ಬರೆದದ್ದಾದರೆ ಮೊದಲನೇ ಸಾಲೇ ಸಾಕು. ಒಂದು ವಾರದಿಂದ 'ಮೂರನೇ ಮಹಡಿ'ಯನ್ನು ಮೊದಲಿನಿಂದ ಓದುತ್ತಿದ್ದೇನೆ. ಬರೆಯುವವಳು ಜಾಣೆ. ನಮ್ಮ ಭಾಷೆಯಲ್ಲಿ 'ನಾನು ಬಂದೆ' ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. 'ಮಗು ಅತ್ತಿತು' ಎಂದರೂ ಅಷ್ಟೆ. ಅವಳು ಈ ಎರಡರ ಹಿಂದೆಯೇ ಅಡಗಿ ಕೂತಿದ್ದಾಳೆ. ಆದರೆ ಅಡಗುವ ಅಗತ್ಯ ಯಾರಿಗೆ ಇರುತ್ತದೆ? ಗಂಡಸಾಗಿದ್ದರೆ ಇಷ್ಟು ಹೊತ್ತಿಗೆ ಫೋಟೋ ಹಾಕಿಕೊಂಡಿರುತ್ತಿದ್ದ.

ಒಂದು ಕಡೆ ಎಡವಿದ್ದೀಯ. ಈ ಸಾಲು ನೋಡು:

'ನಮ್ಮ ಮನೆಯವರು ಸಂಜೆ ಬಂದರೆ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಗೆ ಬೀಳುತ್ತಾರೆ. ಕಣ್ಣು ಫೋನಿನಲ್ಲಿ. ನಾನು ಹಗಲೆಲ್ಲ ಈ ಗೋಡೆಗಳ ಜೊತೆ ಇದ್ದೆ. ಏನು ಮಾಡಿದೆ ಎಂದು ಕೇಳಿದರೆ ಹೇಳಲು ಎಷ್ಟೋ ಇತ್ತು. ಅವರು ಕೇಳುವುದಿಲ್ಲ. ದುಡಿದು ಬಂದವರನ್ನು ದೂರುವುದು ಹೇಗೆ?'

'ನಮ್ಮ ಮನೆಯವರು.' ಗಂಡನ ಹೆಸರು ಹೇಳಲು ನಾಚುವ ಹೆಂಗಸರ ಮಾತು ಇದು. ಚಪ್ಪಲಿ ಬಿಚ್ಚದೆ ಕೂರುವುದು ನನ್ನ ತಮ್ಮನ ಚಿಕ್ಕಂದಿನ ಚಾಳಿ. ಎಷ್ಟು ಗದರಿದ್ದೇನೋ ಲೆಕ್ಕವಿಲ್ಲ. ಆ ದೊಡ್ಡ ಪೀಠೋಪಕರಣದ ಕಂಪನಿಯಲ್ಲಿ ಮ್ಯಾನೇಜರ್ ಆಗಿ ದಿನವಿಡೀ ತಲೆ ಬಿಸಿ ಮಾಡಿಕೊಂಡು ಬರುವವನು ಎರಡು ನಿಮಿಷ ಕೂತರೆ ಊರಿಗೆಲ್ಲ ದೂರು! ನೀನು ಕೂಡ ಕೆಲಸಕ್ಕೆ ಹೋಗುವವಳಲ್ಲವೇ, ಹಗಲೆಲ್ಲ ಮನೆಯಲ್ಲಿ ಹೇಗಿರುತ್ತೀಯ ಎಂದು ನಾನೂ ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೊಳೆಯಿತು. ಅದು ವೇಷ. ಮನೆಯಲ್ಲೇ ಕೊಳೆಯುವ ಹೆಂಗಸೆಂದರೆ ಓದುವವರು ಹೆಚ್ಚು ಮರುಗುತ್ತಾರೆ.

ಮೊನ್ನೆ ಹಾಕಿದ್ದನ್ನೂ ಓದಿದೆ. ಮಗಳಿಗೆ ಜಡೆ ಹಾಕುವುದು. 'ಬಲದ ಎಳೆ ನಡುವಿನದರ ಮೇಲೆ, ಎಡದ ಎಳೆ ನಡುವಿನದರ ಮೇಲೆ. ಮೂರೇ ಎಳೆ, ಆದರೂ ಕೈ ತಪ್ಪುತ್ತದೆ.' ಇದನ್ನು ಗಂಡಸು ಬರೆದಾನೇ? ಪುಟ್ಟಿಯ ಜಡೆಯಲ್ಲದೆ ಮತ್ತೆ ಯಾರದು ಅದು?

ರಜೆ ಸಿಕ್ಕಿರುವುದು ಜುಲೈ ಕೊನೆಗೆ. ಕೊನೆಯ ಶನಿವಾರಕ್ಕೆ ಟಿಕೆಟ್ ತೆಗೆಸಿದ್ದೇನೆ.

*

ಜೂನ್ 25

ಅತ್ತಿಗೆಯವರಿಗೆ,

ಮತ್ತೆ ಲಾಂಡ್ರಿಗೇ ಹಾಕಿದ್ದೀರಿ. ಸಂತೋಷ. ಈ ಸಲ ಯಾರೂ ಏನೂ ಕೇಳಲಿಲ್ಲ, ನನ್ನ ಮುಖ ಹಾಗಿತ್ತು.

ನನ್ನ ಮದುವೆಯ ದಿನದಿಂದ ನೀವು ನನ್ನನ್ನು ತಿದ್ದುತ್ತಾ ಬಂದಿದ್ದೀರಿ. ನಾನು ಹಾಸಿಗೆ ಮಡಚುವ ರೀತಿ, ಫೋನ್ ಎತ್ತುವ ರೀತಿ, ಮಗುವನ್ನು ಎತ್ತುವ ರೀತಿ. ಲಾಂಡ್ರಿಯಲ್ಲಿ ದಿನಕ್ಕೆ ನಾಲ್ಕು ನೂರು ಹಾಸು ಮಡಚುತ್ತೇನೆ, ನಿಮ್ಮ ಮನೆಗೆ ಬಂದರೆ ಒಂದು ಬರುವುದಿಲ್ಲ. ಆಯಿತು, ಸುಮ್ಮನಿದ್ದೆ. ಈಗ ನಿಮ್ಮ ಪಾಠವನ್ನೇ ಸ್ವಲ್ಪ ತಿದ್ದುತ್ತೇನೆ.

ಆ ಜಡೆಯ ಬರಹವನ್ನು ನೀವು ಪೂರ್ತಿ ಓದಿಲ್ಲ, ಅಥವಾ ಓದಿಯೂ ನೋಡಿಲ್ಲ. ಮುಂದಿನ ಸಾಲು ಹೀಗಿದೆ: 'ಬಿಗಿಯಾಗಿ ಎಳೆದರೆ ನೋಯುತ್ತದೆ ಎಂದು ಅವಳು ಅತ್ತ ಮೇಲೆ ತಿಳಿಯಿತು.' ಅತ್ತಿಗೆ, ಜಡೆ ಹಾಕಿಸಿಕೊಂಡು ಬೆಳೆದ ಯಾವ ಹೆಂಗಸಿಗೆ ಅದು ಗೊತ್ತಿಲ್ಲ? ನನ್ನಮ್ಮ ನನ್ನ ಜಡೆ ಎಳೆದಾಗ ಹುಬ್ಬು ಮೇಲೆ ಹೋಗಿ ಸಂಜೆಯವರೆಗೂ ಕೆಳಗೆ ಬರುತ್ತಿರಲಿಲ್ಲ. ನಾವು ಎಳೆ ಎಣಿಸುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಬಲದ್ದು, ಎಡದ್ದು ಎಂದು ಬಾಯಿಪಾಠ ಮಾಡುವವರು ದೊಡ್ಡವರಾದ ಮೇಲೆ ಇನ್ನೊಬ್ಬರ ತಲೆಯ ಮೇಲೆ ಕಲಿತವರು. ಅಂದರೆ ಗಂಡಸು.

'ನಮ್ಮ ಮನೆಯವರು' ಎಂದು ಹೆಂಗಸರಷ್ಟೇ ಹೇಳುತ್ತಾರೆಯೇ? "ನಮ್ಮನೆಯವ್ರನ್ನ ಕೇಳಿ ಹೇಳ್ತೀನಿ" ಎಂದು ಎಷ್ಟು ಗಂಡಸರು ಅಂಗಡಿಯಿಂದ ಜಾರಿಕೊಳ್ಳುವುದಿಲ್ಲ! ಬಂದರು, ಕೂತರು, ಕೇಳಲಿಲ್ಲ: ಈ 'ರು' ಗಂಡನಿಗೂ ಆಗುತ್ತದೆ, ಹೆಂಡತಿಗೂ ಆಗುತ್ತದೆ. ಹೆಂಡತಿಗೆ ಯಾರಾದರೂ ಬಹುವಚನ ಕೊಟ್ಟಾರು ಎಂಬುದು ನಿಮಗೆ ಹೊಳೆಯಲೇ ಇಲ್ಲ.

'ಹಗಲೆಲ್ಲ ಗೋಡೆಗಳ ಜೊತೆ' ಎಂಬುದು ವೇಷವಲ್ಲ. ಅದು ವೇಷವಾಗಿದ್ದರೆ ಸೀದ ಪಾತ್ರೆಯ ತಳವನ್ನು ಅಷ್ಟು ಬೆರಗಿನಿಂದ ನೋಡುತ್ತಿರಲಿಲ್ಲ. ನಮಗೆ ಅದರಲ್ಲಿ ಏನು ಬೆರಗು? ಉಜ್ಜಿ ಕವುಚಿ ಹಾಕುತ್ತೇವೆ.

ಬರೆಯುವವನು ಮದುವೆಯಾದ ಗಂಡಸು. ಹಗಲು ಮನೆಯಲ್ಲಿರುತ್ತಾನೆ, ಹೆಂಡತಿ ದುಡಿಯಲು ಹೋಗುತ್ತಾಳೆ, ಒಬ್ಬಳು ಮಗಳಿದ್ದಾಳೆ. ಅಂಥವನು ನಿಮ್ಮ ಕುಟುಂಬದಲ್ಲಿ ಯಾರಿದ್ದಾನೆ, ಹೇಳಿ ನೋಡೋಣ. ನಿಮ್ಮ ತಮ್ಮ ಮ್ಯಾನೇಜರ್.

ಕೆಂಪು ಪೆನ್ನು ತೆಗೆದುಕೊಂಡು ಅಂಕ ಹಾಕಿ ಕಳಿಸಿ.

*

ಜುಲೈ 8

ಅತ್ತಿಗೆ,

ನಿಮ್ಮ ಉತ್ತರ ಬರಲಿಲ್ಲ. ಭಾನುವಾರ ನಿಮ್ಮ ತಮ್ಮ ಫೋನ್ ಮಾಡಿದಾಗ ನೀವು ಹವಾಮಾನದ ವಿಷಯ ಮಾತಾಡಿ ಇಟ್ಟುಬಿಟ್ಟಿರಂತೆ. "ಅಕ್ಕ ಯಾಕೋ ಬೈಯ್ಲೇ ಇಲ್ಲ, ಹುಷಾರಿಲ್ವೇನೋ" ಎಂದು ಎರಡು ಸಲ ಹೇಳಿದರು. ಆಗ ನಾನು ಬರೆದದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಸಿಟ್ಟಿನಲ್ಲಿ ಬರೆದು, ಗೆದ್ದೆ ಎಂದುಕೊಂಡು, ಹೋಟೆಲಿನ ಬಾಗಿಲಲ್ಲಿರುವ ಅಂಚೆ ಡಬ್ಬಕ್ಕೆ ಹಾಕಿ ಬಂದಿದ್ದೆ. ಅವರು ಮ್ಯಾನೇಜರ್ ಎಂದು ನೀವು ನಂಬಿರುವವರೆಗೂ ಆ ಪತ್ರ ಎಲ್ಲಿಗೂ ಮುಟ್ಟುವುದಿಲ್ಲ ಎಂಬ ಧೈರ್ಯ ನನಗಿತ್ತು. ನೀವು ಎರಡನೇ ಸಾಲಿಗೇ ಹಿಡಿಯುವವರು ಎಂಬುದನ್ನು ಮರೆತೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಕಂಪನಿ ಹೋದ ವರ್ಷವೇ ಮುಚ್ಚಿತು. ಅವರು ಮನೆಯಲ್ಲಿದ್ದಾರೆ. ಎಷ್ಟೋ ಕಡೆ ಹೋಗಿ ಬಂದರು, ಈಗ ಹೋಗುವುದನ್ನೂ ಬಿಟ್ಟಿದ್ದಾರೆ. ಅಡುಗೆ ಅವರದು, ಪುಟ್ಟಿಯ ಜಡೆ ಅವರದು. ನೀವು ಹಗಲು ಫೋನ್ ಮಾಡಿದರೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, "ಮೀಟಿಂಗಲ್ಲಿದೀನಿ ಅಕ್ಕ" ಎನ್ನುವುದೂ ಅವರೇ. ಒಮ್ಮೆ ಹಿಂದೆ ಕುಕ್ಕರ್ ಕೂಗಿತು, "ಏನೋ ಅದು?" ಎಂದು ನೀವು ಕೇಳಿದಿರಿ. "ಫ್ಯಾಕ್ಟರಿ ಸೈರನ್" ಅಂದರು. ಪುಟ್ಟಿ ನಕ್ಕು ನಕ್ಕು ಸುಸ್ತಾದಳು, ನಾನು ನಗಲಿಲ್ಲ. ಅಕ್ಕನಿಗೆ ಮಾತ್ರ ತಿಳಿಯಬಾರದು ಎಂದು ನನ್ನ ಕೈಲಿ ಮಾತು ತೆಗೆದುಕೊಂಡಿದ್ದರು. ಅಕ್ಕ ಎಲ್ಲರ ಹತ್ತಿರ ತಮ್ಮ ಮ್ಯಾನೇಜರ್ ಎಂದು ಹೇಳಿಕೊಂಡು ತಿರುಗುತ್ತಾಳೆ ಎಂದು.

ಅವರು ಬರೆಯುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ. ನಿಮ್ಮ ಮೊದಲ ಪತ್ರ ಬಂದ ದಿನ ಹಾಸುಗಳ ಗಂಟಿನ ಮೇಲೆ ಕೂತು ಓದಿದೆ. ಮೊದಲ ಬರಹಕ್ಕೇ ತಿಳಿಯಿತು. ಆಮೇಲೆ ಚಪ್ಪಲಿ ಬಿಚ್ಚದೆ ಕೂರುವ 'ಮನೆಯವರು' ಸಿಕ್ಕರು. ಅವರು ನಾನು, ಅತ್ತಿಗೆ. ಒಂಬತ್ತು ಗಂಟೆ ಹಬೆಯಲ್ಲಿ ನಿಂತು ಬಂದರೆ ಬಗ್ಗಿ ಚಪ್ಪಲಿ ಬಿಚ್ಚಲು ಸೊಂಟ ಬರುವುದಿಲ್ಲ. ಅದನ್ನು ಅವರು ಸಾವಿರಾರು ಜನಕ್ಕೆ ಹೇಳಿದ್ದಾರೆ, ನನಗೊಬ್ಬಳಿಗೆ ಹೇಳಿಲ್ಲ. ಕೆಳಗೆ ಜನ ಬರೆದಿದ್ದಾರೆ: 'ಇಂಥ ಗಂಡನ ಜೊತೆ ಹೇಗೆ ಬಾಳ್ತೀರಿ ಅಕ್ಕಾ? ಬಿಟ್ಟು ಬನ್ನಿ.' ಮುನ್ನೂರು ಜನ ನನ್ನನ್ನು ಬಿಟ್ಟುಬಿಡಲು ಹೇಳಿದ್ದಾರೆ. ನಿಮ್ಮ ತಮ್ಮ ಒಬ್ಬರಿಗೂ 'ಅಕ್ಕ ಅಲ್ಲ, ಅಣ್ಣ' ಎಂದು ಉತ್ತರಿಸಿಲ್ಲ.

ನಿಮ್ಮೊಬ್ಬರನ್ನೇ ರಾಕ್ಷಸಿ ಮಾಡಿದರು ಎಂದುಕೊಳ್ಳಬೇಡಿ. ಆದರೆ ನಿಮ್ಮ ಜೊತೆ ಕೂತು ಅಳುವಷ್ಟು ಸ್ನೇಹ ನಮ್ಮದಲ್ಲ, ಅದೂ ಗೊತ್ತು.

ನನಗೆ ಗೊತ್ತಾಗಿದೆ ಎಂದು ಅವರಿಗೆ ಇನ್ನೂ ಹೇಳಿಲ್ಲ. ನೀವು ಏನು ಮಾಡುತ್ತೀರಿ ಎಂದು ಮೊದಲು ತಿಳಿಸಿ. ಕೂಗಾಡುವುದಿದ್ದರೆ ನನ್ನ ಮೇಲೆ ಕೂಗಾಡಿ.

*

ಜುಲೈ 15

ತಮ್ಮನ ಹೆಂಡತಿಗೆ,

ನಿನ್ನ ಜೂನ್ ಪತ್ರವನ್ನು ಕೆಂಪು ಪೆನ್ನು ಹಿಡಿದುಕೊಂಡೇ ಓದಿದೆ. ಒಂದು ಕಡೆ ನೀನು ದೀರ್ಘ ಬಿಟ್ಟಿದ್ದೆ. ಬೇರೆ ತಪ್ಪು ಸಿಗಲಿಲ್ಲ.

ಆದರೂ ನಂಬದೆ ಅವನ ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. ನನ್ನ ತಮ್ಮ ಮ್ಯಾನೇಜರ್ ಇದ್ದಾನಲ್ಲ ಅಂದೆ. "ಇದು ಈಗ ಜಿಮ್ ಮೇಡಂ. ಹೊಸದಾಗಿ ಸೇರ್ತೀರಾ? ತೂಕ ಎಷ್ಟಿದೀರಾ?" ಅಂದಳು. ಇಟ್ಟುಬಿಟ್ಟೆ.

ಈಗ ಸ್ಟಾಫ್ ರೂಮಿನಲ್ಲಿ ದಿನಾ ಅದೇ ಮಾತು. ಡ್ರಿಲ್ ಮಾಸ್ತರು ಪಂಥ ಗೆದ್ದಿದ್ದಾರೆ ಎಂದು ಗೊತ್ತಿರುವವಳು ನಾನೊಬ್ಬಳೇ, ಬಾಯಿ ಬಿಡುವಂತಿಲ್ಲ.

'ಬೇಡ' ಎನ್ನಲು ಕಲಿಸಿದ್ದು ನಿಜ. ಬೇರೆಯವರ ಮನೆಯ ತಟ್ಟೆಗೆ ಅವನು ಒಂದು ಸಲ ಕೈ ಹಾಕಿದ್ದರೆ, ಕೊಟ್ಟವರೇ ಮಾರನೆಯ ದಿನ "ಪಾಪ, ಅವಳ ಕೈಲಿ ಸಾಕೋಕಾಗ್ತಿಲ್ಲ" ಎಂದು ಅವನನ್ನು ಯಾರ ಮನೆಗಾದರೂ ಕಳಿಸಿಬಿಡುತ್ತಿದ್ದರು. ಕಾದುಕೊಂಡಿದ್ದರು. ಆ ಕಣ್ಣೆತ್ತುವಿಕೆಯಲ್ಲಿ ಅದೂ ಇತ್ತು. ಮಗುವಿಗೆ ಕಣ್ಣು ಮಾತ್ರ ಕಂಡಿದೆ. ಬರೆಯುವ ಕೈ ಅವನದು, ಹಾಗಾಗಿ ಅಷ್ಟೇ ಉಳಿಯಿತು. ಇರಲಿ.

ಈಗ ಒಂದು ಮಾತು. ಕೇಳಿಕೊಳ್ಳುವುದು ನನ್ನ ಅಭ್ಯಾಸವಲ್ಲ, ಹೇಳುತ್ತಿದ್ದೇನೆ. ನನಗೆ ತಿಳಿದಿದೆ ಎಂದು ಅವನಿಗೆ ತಿಳಿಯಬಾರದು. ನೀನೇ ಬರೆದೆ ಎಂದು ನಾನು ನಂಬಿದ್ದೇನೆ, ಹಾಗೆಯೇ ಇರಲಿ. ನನಗೂ ನಿನಗೂ ಜಗಳ, ಅದಕ್ಕೆ ಅಕ್ಕ ಬರುವುದಿಲ್ಲ ಎಂದು ಹೇಳು. ಅವನು ಒಂದು ಪ್ರಶ್ನೆಯನ್ನೂ ಕೇಳದೆ ನಂಬುತ್ತಾನೆ. ಟಿಕೆಟ್ ರದ್ದು ಮಾಡಿಸುತ್ತೇನೆ. ಅವನು ಮ್ಯಾನೇಜರ್ ಆಗಿಯೇ ಫೋನ್ ಮಾಡಲಿ, ನಾನು ಅಕ್ಕನಾಗಿಯೇ ಎತ್ತುತ್ತೇನೆ.

ನಿನ್ನ ಮೇಲೆ ಸಿಟ್ಟಾಗಿರುವುದು ನನಗೆ ಕಷ್ಟವಲ್ಲ. ಹನ್ನೊಂದು ವರ್ಷದಿಂದ ಇದ್ದೇನೆ, ಇನ್ನೂ ಇರಬಲ್ಲೆ. ಅವನ ಮೇಲೆ ಸಿಟ್ಟಾಗುವುದು ಹೇಗೆಂದು ನನಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಕಲಿಯಲಾರೆ.

*

ಜುಲೈ 21

ಅತ್ತಿಗೆ,

ಆಗುವುದಿಲ್ಲ.

ನಿಮ್ಮಿಬ್ಬರಿಗೂ ನನ್ನಿಂದ ಎಷ್ಟು ಅನುಕೂಲ! ಅವರು ನಿಮ್ಮ ಹತ್ತಿರ ಹೇಳಲಾರದ್ದಕ್ಕೆ ನಾನು ಬಾಯಿ ಮುಚ್ಚಿಕೊಂಡಿರಬೇಕು, ನೀವು ಅವರ ಹತ್ತಿರ ಕೇಳಲಾರದ್ದಕ್ಕೆ ನಾನು ಕೆಟ್ಟವಳಾಗಬೇಕು. ಹಬೆಯಲ್ಲಿ ನಿಂತು ಸಂಸಾರ ನಡೆಸುತ್ತೇನೆ, ಅದು ಸಾಲದೆ ನಿಮ್ಮ ಅಕ್ಕ-ತಮ್ಮನ ಪ್ರೀತಿಯನ್ನೂ ನಾನೇ ಇಸ್ತ್ರಿ ಮಾಡಿಡಬೇಕೇ? ಮಾಡುವುದಿಲ್ಲ.

ಸೋಮವಾರ ಅವರಿಗೆ ಹೇಳಿಬಿಟ್ಟೆ. ಒಲೆಯ ಮುಂದೆ ನಿಂತಿದ್ದರು. "ನೀವು ಬರೆಯೋದನ್ನ ಓದಿದೀನಿ" ಅಂದೆ. ಉರಿ ಸಣ್ಣ ಮಾಡಿದರು.

"ಎಲ್ಲಾನೂ?"

"ಎಲ್ಲಾನೂ."

ಆಮೇಲೆ ಏನು ಕೇಳಿದರು ಗೊತ್ತೇ? "ಚೆನ್ನಾಗಿದೆಯಾ?"

ನಾನು ಮೂರು ತಿಂಗಳಿಗಾಗುವಷ್ಟು ಜಗಳವಾಡಿದೆ. ಅವರೂ ಆಡಿದರು, ಮೊದಲ ಸಲ. ನಾನು ದುಡಿಯುತ್ತೇನೆಂದು ನನ್ನ ಮೇಲೆ ದನಿ ಎತ್ತಲು ಹೆದರುತ್ತಿದ್ದರಂತೆ. ಪುಟ್ಟಿ ಕಿವಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು. ಕೊನೆಗೆ ಅಡುಗೆ ಸೀದು ಹೋಯಿತು, ಇಬ್ಬರೂ ಹಾಗೇ ತಿಂದೆವು. ನಮ್ಮದು ಇನ್ನೂ ಮುಗಿದಿಲ್ಲ, ಆದರೆ ಅದು ನಮ್ಮದು. ಅವರ ಬಾಯಿಂದ ನನ್ನ ಕಿವಿಗೆ ನೇರವಾಗಿ ಬಿದ್ದದ್ದು.

ನಿಮಗೆ ತಿಳಿದಿದೆ ಎಂಬುದನ್ನು ನಾನು ಹೇಳಿಲ್ಲ. ಅದನ್ನು ಹೇಳಬೇಕಾದವರು ನೀವು.

ಟಿಕೆಟ್ ರದ್ದು ಮಾಡಿಸಬೇಡಿ, ಮಾಡಿಸಿದ್ದರೆ ಮತ್ತೆ ತೆಗೆಸಿ. ನೀವು ಬರುವ ಶನಿವಾರ ನಾನು ಮನೆಯಲ್ಲಿರುವುದಿಲ್ಲ. ಬೇಕೆಂದೇ ಎರಡು ಪಾಳಿ ಹಾಕಿಸಿಕೊಂಡಿದ್ದೇನೆ. ಪುಟ್ಟಿ ಶಾಲೆಯಲ್ಲಿರುತ್ತಾಳೆ. ಲಿಫ್ಟ್ ಕೆಟ್ಟಿದೆ, ಮೂರು ಮಹಡಿ ನಿಧಾನವಾಗಿ ಹತ್ತಿ. ಬಾಗಿಲು ತೆಗೆಯುವವರು ಅವರು. ಹಗಲು ಹನ್ನೊಂದಕ್ಕೆ, ಮನೆಯಲ್ಲಿ ಉಡುವ ಬಟ್ಟೆಯಲ್ಲಿ, ಬಹುಶಃ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿರುತ್ತಾರೆ. ಮೀಟಿಂಗ್ ಎನ್ನಲು ಅವರಿಗಾಗುವುದಿಲ್ಲ, ಹವಾಮಾನ ಎನ್ನಲು ನಿಮಗಾಗುವುದಿಲ್ಲ.

ಅಷ್ಟು ದೂರದಿಂದ ಬಂದವರಿಗೆ ಬೈಯಬೇಕೆನಿಸುತ್ತದೆ, ಗೊತ್ತು. ಒಳಗೆಲ್ಲ ಹುಡುಕಿದರೂ ನಾನು ಸಿಗುವುದಿಲ್ಲ. ಅವರನ್ನೇ ಬೈಯಬೇಕಾಗುತ್ತದೆ.